ಮೂವತ್ತೊಂದನೇ ಕಂಬ

ಸಾಂತಾ ಎಲ್ವೀರಾದಲ್ಲಿ ಯಾರ ಮನೆ ಎಲ್ಲಿ ಅಂತ ಕೇಳಿದರೂ ಉತ್ತರ ಅತ್ತಿಮರದಿಂದಲೇ ಶುರುವಾಗುತ್ತದೆ. ಅತ್ತಿಮರದಿಂದ ಇನ್ನೂರು ಮೀಟರ್ ಕೆಳಕ್ಕೆ, ಹಸಿರು ಗೇಟು. ಆ ಮರ ಬಿದ್ದು ಹನ್ನೆರಡು ವರ್ಷವಾಯಿತು, ಅಲ್ಲೀಗ ಔಷಧಿ ಅಂಗಡಿ ಇದೆ. ಆದರೂ ವಿಳಾಸ ಮರದ್ದೇ. ಹೊಸಬರು ಪರದಾಡುತ್ತಾರೆ, ನಾವು ನಗುತ್ತೇವೆ. ಕೋಸ್ಟಾರಿಕಾದ ಯಾವ ಊರಿಗೆ ಹೋದರೂ ಇದೇ ಕಥೆ.

ಎಲಾದಿಯೊ ಗುಡ್ಡದ ಮೇಲಿನ ಕೃಷಿ ಕಾಲೇಜಿನಲ್ಲಿ ಮೂವತ್ತು ವರ್ಷ ತೋಟದ ಕೆಲಸ ಮಾಡಿದವನು. ಕಾಲೇಜಿನ ಹಿಂದಿನ ಕಾಡಿನಲ್ಲಿರುವ ಕಾಲುದಾರಿಗಳಲ್ಲಿ ಅರ್ಧದಷ್ಟನ್ನು ಅವನೇ ಸವರಿ ಮಾಡಿದ್ದು. ಹೆಂಡತಿ ಒರ್ತೆನ್ಸಿಯಾಗೆ ಸಕ್ಕರೆ ಕಾಯಿಲೆ. ದಿನಾ ಒಂದು ಗಂಟೆ ನಡೆಯಲೇಬೇಕು ಅಂತ ಡಾಕ್ಟರು ಹೇಳಿದ್ದರಿಂದ ಬೆಳಗಾದರೆ ಇಬ್ಬರೂ ಅಲ್ಲಿಗೇ ಹೋಗುತ್ತಿದ್ದರು.

ಹೋದ ವರ್ಷ ಕಾಲೇಜಿನವರು ದಾರಿಯುದ್ದಕ್ಕೂ ಹಳದಿ ಕಂಬ ನೆಟ್ಟು ಒಂದೊಂದಕ್ಕೂ ಒಂದು ಸಂಖ್ಯೆ ಬರೆಸಿದರು. ಊರಿನ ನರ್ಸ್ ಯೊರ್ಲೆನಿ ನಡೆಯಲು ಬಂದವರನ್ನೆಲ್ಲ ನಿಲ್ಲಿಸಿ, ಕಂಬ ದಾಟುವಾಗ ಸಂಖ್ಯೆ ಓದಿಕೊಳ್ಳಿ, ಏನಾದರೂ ಆದರೆ ಫೋನಿನಲ್ಲಿ ಮೊದಲು ಅದನ್ನೇ ಹೇಳಿ ಅಂತ ತಿಳಿಸಿದಳು. ಎಲಾದಿಯೊಗೆ ಇದು ಹಿಡಿಸಲಿಲ್ಲ.

"ನೋಡು ಮಗಳೇ, ಈ ದಾರಿ ಮಾಡಿದಾಗ ನೀನಿನ್ನೂ ಹುಟ್ಟೇ ಇರ್ಲಿಲ್ಲ. ನಾನೆಲ್ಲಿದೀನಿ ಅಂತ ಈ ಗೂಟ ನಂಗೆ ಹೇಳ್ಬೇಕಾ?"

"ನಿಮಗಲ್ಲ ಎಲಾದಿಯೊ ಅವ್ರೇ. ನಿಮ್ಮನ್ನ ಹುಡುಕ್ಕೊಂಡು ಬರೋರಿಗೆ."

ಅವನು ನಕ್ಕುಬಿಟ್ಟ. ಬ್ರೆಡ್ಡಿನ ಅಂಗಡಿಯಲ್ಲಿ ವಾರವಿಡೀ ಇದೇ ಮಾತು. ಕಂಬ ನೋಡಿ ಓದುವವರನ್ನು ಕಂಡರೆ ಒಂದನೇ ಕ್ಲಾಸಿನ ಮಕ್ಕಳು ಅಂತ ಛೇಡಿಸುತ್ತಿದ್ದ.

ಜುಲೈನಲ್ಲಿ ಒಂದು ಬೆಳಿಗ್ಗೆ ದಾರಿಯ ಪಕ್ಕ ಪೇರಳೆ ಹಣ್ಣು ಬಿದ್ದಿದ್ದವು. ಒರ್ತೆನ್ಸಿಯಾ ದಾರಿ ಬಿಟ್ಟು ಎರಡೇ ಹೆಜ್ಜೆ ಹುಲ್ಲಿನೊಳಗಿಟ್ಟಳು. ಹಾವು ಹಿಮ್ಮಡಿಗೆ ಕಚ್ಚಿ ಹರಿದುಹೋಯಿತು. ಹಳದಿ ಗಲ್ಲದ ಆ ಹಾವು ಎಷ್ಟು ವಿಷದ್ದೆಂದು ಎಲಾದಿಯೊಗೆ ಚೆನ್ನಾಗಿ ಗೊತ್ತು. ಅವನು ಬೆಲ್ಟು ಬಿಚ್ಚಿ ಕಾಲಿಗೆ ಕಟ್ಟಲು ಹೋದ. ಕಟ್ಟಬಾರದು, ಕುಯ್ಯಬಾರದು, ಅಲುಗಾಡದೆ ಕೂರಬೇಕು ಅಂತ ಯೊರ್ಲೆನಿ ಹೇಳಿದ್ದಾಳೆ ಅಂದಳು ಒರ್ತೆನ್ಸಿಯಾ. ಅವನು ಅವಳನ್ನು ಹಾವು ಹೋದ ಜಾಗದಿಂದ ದೂರ ಕೂರಿಸಿ, ಆಂಬುಲೆನ್ಸಿನ ತುರ್ತು ಸಂಖ್ಯೆಗೆ ಫೋನ್ ಮಾಡಿದ.

ಆ ಕಡೆಯ ಹುಡುಗಿ ರಾಜಧಾನಿಯಲ್ಲಿ ಕೂತವಳು. ಎಲ್ಲಿದ್ದೀರಿ ಅಂತ ಕೇಳಿದಳು. ಅತ್ತಿಮರದಿಂದ ನಾನೂರು ಮೀಟರ್ ಮೇಲಕ್ಕೆ ಅಂದ. ಹತ್ತಿರ ಏನಾದರೂ ಗುರುತು, ಸಂಖ್ಯೆ ಇದೆಯಾ ಅಂದಳು. ಅತ್ತಿಮರ ಗೊತ್ತಿಲ್ಲದವರು ಯಾರಿದ್ದಾರೆ, ಬೇಗ ಕಳಿಸು ಅಂತ ರೇಗಿ ಫೋನ್ ಇಟ್ಟ.

ಅವನ ಮನಸ್ಸಿನಲ್ಲಿದ್ದದ್ದು ಕಾಲೇಜಿನ ಕಾಡಿನಲ್ಲಿರುವ ಇನ್ನೊಂದು ಅತ್ತಿಮರ. ಊರಿಗೆಲ್ಲ ಗೊತ್ತಿದ್ದದ್ದು ಔಷಧಿ ಅಂಗಡಿಯ ಜಾಗದಲ್ಲಿದ್ದ ಅತ್ತಿಮರ. ಆಂಬುಲೆನ್ಸ್ ಅಲ್ಲಿಗೇ ಹೋಯಿತು. ಅಲ್ಲಿಂದ ನಾನೂರು ಮೀಟರ್ ಮೇಲಕ್ಕೆ ಹೋದರೆ ಸ್ಮಶಾನದ ಗೋಡೆ. ಚಾಲಕ ಅಲ್ಲಿ ಇಳಿದು ಕೇಳಿದ, ಹುಡುಕಿದ, ಕೊನೆಗೆ ಎಲಾದಿಯೊಗೇ ವಾಪಸ್ ಫೋನ್ ಮಾಡಿದ. ಅಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು. ಒರ್ತೆನ್ಸಿಯಾಳ ಕಾಲು ಮೊಣಕಾಲಿನವರೆಗೆ ಊದಿಕೊಂಡಿತ್ತು.

ಎಲಾದಿಯೊ ಹೊಳೆ, ಬೇಲಿ, ಹಳೇ ದನದ ಕೊಟ್ಟಿಗೆ ಅಂತ ಏನೇನೋ ಹೇಳತೊಡಗಿದ. ಒರ್ತೆನ್ಸಿಯಾ ಫೋನ್ ಇಸಕೊಂಡಳು.

"ಕಾಲೇಜಿನ ಕಾಲುದಾರಿ. ಮೂವತ್ತೊಂದನೇ ಕಂಬದ ಹತ್ರ," ಅಂದಳು.

ಚಾಲಕ ಅದನ್ನೇ ಕಾಲೇಜಿನ ಕಾವಲುಗಾರನಿಗೆ ಹೇಳಿದ, ಅವನಿಗೆ ಅಷ್ಟು ಸಾಕಾಯಿತು. ಹಿಂದಿನ ಗೇಟು ತೆಗೆದ. ಎಂಟು ನಿಮಿಷದಲ್ಲಿ ಸ್ಟ್ರೆಚರ್ ಬಂತು.

ನಿನಗೆ ಸಂಖ್ಯೆ ಹೇಗೆ ಗೊತ್ತಾಯಿತು ಅಂತ ಗಾಡಿಯಲ್ಲಿ ಎಲಾದಿಯೊ ಕೇಳಿದ.

"ದಿನಾ ಓದ್ತೀನಲ್ಲ. ಮನಸ್ಸಲ್ಲೇ. ಗಟ್ಟಿಯಾಗಿ ಓದಿದ್ರೆ ನೀವು ನಗ್ತಿದ್ರಿ."

ಅಷ್ಟು ನಾಚಿಕೆ ಅವನಿಗೆ ಜನ್ಮದಲ್ಲಿ ಆಗಿರಲಿಲ್ಲ.

ಒರ್ತೆನ್ಸಿಯಾ ಬದುಕಿದಳು. ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಹಿಮ್ಮಡಿಯ ಕೊಳೆತ ಮಾಂಸ ತೆಗೆಯಬೇಕಾಯಿತು, ಈಗ ಕೋಲು ಹಿಡಿದು ನಡೆಯುತ್ತಾಳೆ. ಸ್ವಲ್ಪ ಮುಂಚೆ ಬಂದಿದ್ದರೆ ಇಷ್ಟು ಆಗುತ್ತಿರಲಿಲ್ಲವೇನೋ ಅಂದರು ಡಾಕ್ಟರು. ಎಲಾದಿಯೊ ತಲೆ ತಗ್ಗಿಸಿ ಕೇಳಿಸಿಕೊಂಡ. ಮಾರನೇ ವಾರ ಯೊರ್ಲೆನಿಯ ಬಾಗಿಲಿಗೆ ಹೋಗಿ, ಮಾಸಿದ ಸಂಖ್ಯೆಗಳಿಗೆ ಬಣ್ಣ ಹಚ್ಚುವ ಕೆಲಸ ತನಗೆ ಕೊಡಿಸು ಅಂತ ಕೇಳಿದ. ಈಗ ಗಂಡ ಹೆಂಡತಿ ಇಬ್ಬರೂ ಬಾಯಿಬಿಟ್ಟೇ ಓದುತ್ತಾರೆ.

ಕಾಲೇಜಿನ ದಾರಿಯಲ್ಲಿ ನಡೆಯುವವರೇ, ದಾರಿ ಬಿಟ್ಟು ಹುಲ್ಲಿಗೆ ಇಳಿಯಬೇಡಿ. ಯಾವ ದಾರಿಯಲ್ಲಿ ಹೋಗುತ್ತೀರೆಂದು ಮನೆಯಲ್ಲಿ ಹೇಳಿ ಹೊರಡಿ. ಕಂಬ ಬಂದಾಗಲೆಲ್ಲ ಸಂಖ್ಯೆ ಓದಿ. ಕರೆ ಮಾಡಬೇಕಾಗಿ ಬಂದರೆ ಮೊದಲು ಅದನ್ನು ಹೇಳಿ, ಮಿಕ್ಕಿದ್ದು ಆಮೇಲೆ. ನಿಮ್ಮ ಜೊತೆಯವರು ಗಟ್ಟಿಯಾಗಿ ಓದಿದರೆ ದಯವಿಟ್ಟು ನಗಬೇಡಿ.