ಖಾಲಿ ಹೊಟ್ಟೆಗೆ ಮೂರು ಚಹಾ

ಸುರಪುರದಿಂದ ಹುಣಸಗಿಗೆ ಸೂಗಪ್ಪನ ಟಂಟಂ ಆಟೋ ಹತ್ತಿದವರಿಗೆ ಬೇರೆ ಮನರಂಜನೆ ಬೇಕಿರಲಿಲ್ಲ. ಬಸ್ ಕಂಡಕ್ಟರನ ಸೀಟಿ, ಚುನಾವಣೆಯ ಭಾಷಣ, ಹೆಂಡತಿ ಗೊಲ್ಲಾಳಮ್ಮನ ಗದರಿಕೆ, ಮೂರೂ ಅವನೊಬ್ಬನ ಬಾಯಿಂದಲೇ! ಈಚೆಗೆ ಮಾತ್ರ ತಮಾಷೆಯೇ ಬದಲಾಗಿತ್ತು. ಮೈಲಿಗೊಮ್ಮೆ ಗಾಡಿ ನಿಲ್ಲುತ್ತಿತ್ತು. ಸೂಗಪ್ಪ ಜಾಲಿಗಿಡದ ಮರೆಗೆ ಓಡುತ್ತಿದ್ದ. ಬಂದು ಅರ್ಧ ಬಾಟಲಿ ನೀರು ಕುಡಿದು, ಮತ್ತೆ ಓಡುತ್ತಿದ್ದ.

"ನಿನ್ನ ಗಾಡಿ ಡೀಸೆಲ್ ಕುಡಿಯೋದಕಿಂತ ನೀ ನೀರ ಕುಡಿಯೋದ ಜಾಸ್ತಿ ಆಗ್ಯಾದ ನೋಡೋ," ಎಂದು ಬಳೆ ಮಾರುವ ಖಾಸಿಂಬೀ ಕಾಲೆಳೆದಳು.

ಅವತ್ತು ಮಧ್ಯಾಹ್ನ ಅವಳು ದೇವಾಪುರದಲ್ಲಿ ಇಳಿಯಬೇಕಿತ್ತು. ದೇವಾಪುರ ಬಂತು, ಹೋಯಿತು, ಗಾಡಿ ನಿಲ್ಲಲಿಲ್ಲ.

"ಏ ಸೂಗಪ್ಪ! ನಿಂದ್ರಸೋ! ಕಾಲುವಿ! ಕಾಲುವಿ ಬಂತೋ!"

ಸೂಗಪ್ಪ ಬೆಚ್ಚಿ ಕಣ್ಣು ತೆರೆದು ಬ್ರೇಕ್ ಒತ್ತಿದ. ಮುಂದಿನ ಚಕ್ರ ಕಾಲುವೆಯ ಅಂಚಿಗೆ ಒಂದು ಗೇಣು ದೂರದಲ್ಲಿ ನಿಂತಿತ್ತು. ಗಾಡಿಯಲ್ಲಿ ಎಂಟು ಜೀವ.

ಹಿಂದಿನ ಸೀಟಿನಲ್ಲಿ ಅವನ ಅಣ್ಣನ ಮಗಳು ಶಿವರಂಜನಿಯೂ ಇದ್ದಳು. ಹೈದರಾಬಾದಿನ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುವ ಹುಡುಗಿ, ರಜೆಗೆ ಬರುತ್ತಿದ್ದಳು.

"ಕಾಕಾ, ನಿದ್ದಿ ಹತ್ತಿತ್ತೇನು?"

"ಏನಿಲ್ಲವ್ವಾ. ಉಂಡ ಮ್ಯಾಲ ಕಣ್ಣು ಜರಾ ಮಂಜ ಆಗ್ತಾವ. ವಯಸ್ಸಾತು."

"ಐವತ್ತಕ್ಕ?"

ಸೂಗಪ್ಪ ಗಾಡಿಯನ್ನು ಮತ್ತೆ ರಸ್ತೆಗೆ ತಂದ. ದಾರಿಯುದ್ದಕ್ಕೂ ಒಂದು ದನಿಯನ್ನೂ ಅನುಕರಿಸಲಿಲ್ಲ.

ಮನೆಗೆ ಬಂದರೆ ದೇವರ ಜಗುಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕ, ಶಿವರಂಜನಿ ಕಳಿಸಿದ್ದ ಇಂಗ್ಲಿಷ್ ಲೇಖನಗಳು. ಮೇಲೆ ಕುಂಕುಮ, ಮುಂದೆ ಊದಿನಕಡ್ಡಿ.

"ನಮ್ಮ ಮನಿ ಹುಡಿಗಿ ಹೆಸರು ಅಚ್ಚಾಗ್ಯಾದ, ದಿನಾ ಪೂಜಿ ಮಾಡ್ತೀನಿ," ಎಂದಳು ಗೊಲ್ಲಾಳಮ್ಮ.

"ಕಾಕೀ, ಯಾರನ್ನರೆ ಕೇಳಿ ಓದಸ್ರಿ ಅಂತ ಕಳಿಸಿದ್ದೆ, ಊದಿನಕಡ್ಡಿ ಹಚ್ಚಾಕಲ್ಲ!"

"ಹಂಗಾರ ಅದರಾಗ ಏನ್ ಬರದಿ, ನೀನೇ ಹೇಳು."

"ಹೊಟ್ಟಿಗೂ ತಲಿಗೂ ಇರೋ ಸಂಬಂಧ."

ಸೂಗಪ್ಪ ನಕ್ಕ. "ಹೊಟ್ಟಿ ಎಲ್ಲಿ, ತಲಿ ಎಲ್ಲಿ! ಸುರಪುರಕ್ಕೂ ಯಾದಗಿರಿಗೂ ಇದ್ದಷ್ಟು ದೂರ."

"ನಡುವ ರಸ್ತಾ ಅದ ಕಾಕಾ! ನಿನ್ನ ಗಾಡಿಯೊಳಗ ಆಕ್ಸಿಲೇಟರ್ ವೈರ್ ಇದ್ದಂಗ ಹೊಟ್ಟಿಯಿಂದ ಮೆದುಳಿಗೆ ನರ ಅದಾವ. ಸುದ್ದಿ ಹೋಗ್ತದ, ಬರ್ತದ. ಮತ್ತ ಕರುಳಿನಾಗ ಕೋಟಿಗಟ್ಟಲೆ ಸಣ್ಣ ಜೀವಿಗಳು ಅದಾವ."

"ನನ್ನ ಹೊಟ್ಟ್ಯಾಗೂ ಪ್ಯಾಸೆಂಜರ್ ಕುಂತಾರ ಅನ್ನು!"

"ಕುಂತಾರ, ಅದೂ ಪುಕ್ಕಟೆ! ಆದ್ರ ಜ್ವಾಳದ ರೊಟ್ಟಿ, ಕಾಳು, ಸೊಪ್ಪಿನ ಪಲ್ಯಾ, ಅದರಾಗಿನ ನಾರು ಅವರಿಗಿ ಊಟ. ಅದನ್ನ ಹಾಕಿದ್ರ ಮೈಗೆ ಬೇಕಾದ್ದು ಮಾಡಿ ಕೊಡ್ತಾವ. ನೀವು ಈಗ ಏನ್ ಉಣ್ತೀರಿ?"

ಗೊಲ್ಲಾಳಮ್ಮ ತಲೆ ತಗ್ಗಿಸಿದಳು. ಕಾಲುವೆ ನೀರು ಬಂದು ಹೊಲಕ್ಕೆ ಭತ್ತ ಬಂದ ಮೇಲೆ, ಮನೆಯಲ್ಲಿ ಮೂರು ಹೊತ್ತೂ ಬಿಳಿ ಅನ್ನ. ರೊಟ್ಟಿ ಬಡಿಯುವುದು ಬೀಗರು ಬಂದಾಗ ಮಾತ್ರ.

"ಅಂದ್ರ ನೀ ಔಷಧ ಕಂಡ ಹಿಡದೀಯೇನು?" ಎಂದ ಸೂಗಪ್ಪ.

"ಇಲ್ಲ ಕಾಕಾ. ನಾ ನೋಡಿದ್ದು ಇಲಿಗಳನ್ನ. ಮನುಷ್ಯಾರೊಳಗ ಇನ್ನಾ ಭಾಳ ತಿಳೀಬೇಕಾಗ್ಯಾದ. ಆದ್ರ ಸಕ್ಕರಿ ರೋಗ ಹತೋಟಿ ತಪ್ಪಿದ್ರ ಕಣ್ಣು, ಮೂತ್ರಪಿಂಡ ಅಷ್ಟ ಅಲ್ಲ, ನೆನಪಿಗೂ ಪೆಟ್ಟು ಬೀಳಬಹುದು. ಇದನ್ನ ಭಾಳ ಮಂದಿ, ಭಾಳ ವರ್ಷ ನೋಡಿ ಹೇಳ್ಯಾರ. ನಿನ್ನ ನೀರಡಿಕಿ, ಮಂಜುಗಣ್ಣು ನೋಡಿದ್ರ ನಿನಗೂ ಅದ ಇರಬಹುದು ಅನಸ್ತದ, ನಾಳಿ ಖಾಲಿ ಹೊಟ್ಟೀಲೆ ರಕ್ತ ತೋರಸು."

ಮರುದಿನ ಆರೋಗ್ಯ ಉಪಕೇಂದ್ರದಲ್ಲಿ ನರ್ಸ್ ಅನ್ನಮ್ಮ ಬೆರಳು ಚುಚ್ಚಿ ಹನಿ ರಕ್ತ ತೆಗೆದಳು. ಯಂತ್ರ ತೋರಿಸಿತು: 312.

"ಏನರೆ ತಿಂದು ಬಂದೀರೇನ್ರಿ?"

"ದೇವರಾಣಿ ಒಂದು ತುತ್ತೂ ತಿಂದಿಲ್ರಿ! ಬರೇ ಮೂರು ಚಹಾ."

"ಚಹಾ ಕುಡಿದೀರಿ?"

"ಚಹಾ ಊಟ ಏನ್ರಿ ಸಿಸ್ಟರ್? ಸ್ಟ್ಯಾಂಡಿನಾಗ ದೋಸ್ತರು ಕುಡೀ ಅಂದಾಗ ಒಲ್ಲೆ ಅಂದ್ರ ಚಲೋ ಕಾಣ್ತದೇನು?"

ಗೊಲ್ಲಾಳಮ್ಮ ಹಣೆ ಚಚ್ಚಿಕೊಂಡಳು. ಸೂಗಪ್ಪನಿಗೋ ಖುಷಿಯೋ ಖುಷಿ. "ನೋಡಿದ್ರಿಲ್ಲ, ರೋಗ ನನಗಲ್ಲ, ಚಹಾಕ್ಕ ಬಂದದ! ನಾಳಿ ಬರ್ತೀನಿ, ನೀವೇ ಬಾಯಿ ಮುಚ್ಕೋತೀರಿ."

ಮರುದಿನ ಅವನು ನೀರು ಬಿಟ್ಟು ಏನನ್ನೂ ಮುಟ್ಟಲಿಲ್ಲ. ಖಾಸಿಂಬೀಯೂ ನೋಡಲು ಬಂದಿದ್ದಳು. ಎಲ್ಲರೂ ಯಂತ್ರದ ಮೇಲೆ ಬಗ್ಗಿದರು.

214.

"ಖಾಲಿ ಹೊಟ್ಟಿಗೆ ನೂರರ ಒಳಗ ಇರಬೇಕ್ರಿ," ಎಂದಳು ಅನ್ನಮ್ಮ ಮೆಲ್ಲಗೆ. "ಸುರಪುರ ದವಾಖಾನಿಗೆ ಹೋಗ್ರಿ. ಮೂರು ತಿಂಗಳ ಸರಾಸರಿ ತೋರಿಸೋ ಪರೀಕ್ಷಾನೂ ಮಾಡ್ತಾರ."

ಸೂಗಪ್ಪ ಕೇಳಿದ: "ಅವತ್ತು ಕಾಲುವಿಗೆ ಬಿದ್ದಿದ್ರ?"

"ನನ್ನ ಬಳಿ ಪೆಟಿಗಿ ಹೋಗ್ತಿತ್ತು, ನಾನೂ ಹೋಗ್ತಿದ್ದೆ," ಎಂದಳು ಖಾಸಿಂಬೀ. "ಅದಕ್ಕ ಜಲ್ದಿ ಹೋಗೋ."

ಅಂದೇ ಹೋದರು. ವೈದ್ಯರು ಗುಳಿಗೆ ಬರೆದು, ಸಕ್ಕರೆ ಇಳಿಯುವವರೆಗೆ ಗಾಡಿ ಮುಟ್ಟಬೇಡಿ, ದಿನಾ ನಡೆಯಿರಿ ಎಂದರು.

"ಗಾಡಿ ಬಿಟ್ಟು ನಡೀಲೇನು? ಎಲ್ಲಿಗಿ?"

"ಎಲ್ಲಿಗೂ ಇಲ್ಲ ಕಾಕಾ," ಶಿವರಂಜನಿ ನಕ್ಕಳು. "ಹೋಗು, ಬಾ, ಅಷ್ಟ!"

ಆ ಸಂಜೆಯೇ ಗೊಲ್ಲಾಳಮ್ಮನ ಅಂಗಳದಿಂದ ಪಟಪಟ ರೊಟ್ಟಿ ಬಡಿಯುವ ಸದ್ದು ಕೇಳಿತು. ಬೀಗರು ಬಂದಿರಬೇಕೆಂದು ನೆರೆಯವರು ಇಣುಕಿದರು. ರೊಟ್ಟಿ, ಪುಂಡಿಸೊಪ್ಪಿನ ಪಲ್ಯ, ಹೆಸರುಕಾಳು, ಒಂದು ಹಿಡಿ ಅನ್ನ. ಚಹಾಕ್ಕೆ ಸಕ್ಕರೆ ಇಲ್ಲ. ಮೊದಲ ಗುಟುಕಿಗೆ ಸೂಗಪ್ಪ ಮಾಡಿದ ಮುಖ ಯಾವ ಅನುಕರಣೆಗೂ ಸಿಗದು.

ಮೂರು ವಾರಕ್ಕೆ ಸಕ್ಕರೆ ಇಳಿಯಿತು, ವೈದ್ಯರು ಹ್ಞೂಂ ಅಂದರು, ಟಂಟಂ ಮತ್ತೆ ರಸ್ತೆಗೆ ಬಂತು. ಗುಳಿಗೆ ಬಿಟ್ಟಿಲ್ಲ, ನಡಿಗೆಯೂ ಬಿಟ್ಟಿಲ್ಲ. ಮೊನ್ನೆ ಮಧ್ಯಾಹ್ನ ಬಿಸಿಲಿಗೆ ಖಾಸಿಂಬೀ ಬಳೆ ಪೆಟ್ಟಿಗೆಯ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದಳು. ಗಾಡಿ ನಿಂತಿತು. ಕಿವಿ ಹರಿಯುವಂಥ ಸೀಟಿ, ಅದರ ಹಿಂದೆ ಕಂಡಕ್ಟರನ ದನಿ:

"ಯಾರ್ರೀ ದೇವಾಪುರಾ! ಇಳೀರಿ, ಇಳೀರಿ! ನಿದ್ದಿ ಮಾಡಾಕ ಬ್ಯಾರೆ ಟಿಕೆಟ್ಟು!"

ಖಾಸಿಂಬೀ ದಡಬಡಿಸಿ ಎದ್ದಳು. ಗಾಡಿ ತುಂಬ ನಗೆ.

ಓದುಗರೇ, ಈ ಕಥೆ ನಿಮ್ಮ ಕೈಗೆ ಬಂದಿದೆ. ದಯವಿಟ್ಟು ಇದಕ್ಕೂ ಕುಂಕುಮ ಹಚ್ಚಿ ಜಗುಲಿಯ ಮೇಲೆ ಇಡಬೇಡಿ! ಅತಿ ಬಾಯಾರಿಕೆ, ಪದೇ ಪದೇ ಮೂತ್ರ, ಕಣ್ಣು ಮಂಜು, ಸುಸ್ತು ಇದ್ದರೆ "ವಯಸ್ಸಾಯಿತು" ಎಂದು ಸುಮ್ಮನಿರಬೇಡಿ. ಮೂವತ್ತು ದಾಟಿದ್ದರೆ ಏನೂ ತೊಂದರೆ ಕಾಣದಿದ್ದರೂ ಹತ್ತಿರದ ಸರಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತ ತೋರಿಸಿ. ಗುಳಿಗೆ ಕೊಟ್ಟರೆ ನೀವೇ ನಿಲ್ಲಿಸಬೇಡಿ. ರೊಟ್ಟಿ, ಕಾಳು, ಸೊಪ್ಪು ಮನೆಗೆ ಮರಳಿ ಬರಲಿ.

ಪರೀಕ್ಷೆಯ ದಿನ ಸ್ಟ್ಯಾಂಡಿನಲ್ಲಿ ದೋಸ್ತರು ಚಹಾಕ್ಕೆ ಕರೆದರೆ ಒಂದೇ ಮಾತು ಹೇಳಿ: "ತಡೀರಿ, ನಿಮ್ಮನ್ನೂ ಕರಕೊಂಡ ಹೋಗಾಕ ಬಂದೀನಿ. ಹತ್ರಿ ಗಾಡಿ!"