ಜಾಲರಿಯ ಕಣ್ಣು

ಗೋಣಿಚೀಲ ನೆಲದ ಮೇಲೆ ಹೊರಳಾಡುತ್ತಿತ್ತು. ಅದರ ಬಾಯನ್ನು ಕಾಲಡಿ ಮೆಟ್ಟಿಕೊಂಡು ಸೊಸೆ ಹಗ್ಗಕ್ಕಾಗಿ ಕೈ ಚಾಚಿದಳು. ಮೊಣಕೈವರೆಗೂ ಪರಚಿದ ಗೆರೆಗಳು, ರಕ್ತ ಜಿನುಗುತ್ತಿತ್ತು. ಹೊಲಿಗೆ ಮಿಷನ್ನು ಬಿಟ್ಟು ಬೆಳಗಿನಿಂದ ಹಿತ್ತಲಲ್ಲಿ ಹೊಂಚು ಹಾಕಿ ಹಿಡಿದ ಬೆಕ್ಕು ಅದು. ಕಂದು ಹೇಂಟೆಯ ಮರಿಗಳಲ್ಲಿ ಉಳಿದದ್ದು ಮೂರೇ.

ಪಶು ಆಸ್ಪತ್ರೆಯಿಂದ ಎರವಲು ತಂದ ಬೋನನ್ನು ಅತ್ತೆ ಅವಳ ಮುಂದೆ ದೊಪ್ಪನೆ ಇಟ್ಟಳು.

"ಇದರೊಳಗೆ ಬಿಡು. ಆಪರೇಷನ್ ಮಾಡ್ತಾರೆ, ಇನ್ನು ಮರಿ ಹಾಕಲ್ಲ."

"ಕಳ್ಳಿಗೆ ಆಸ್ಪತ್ರೆ, ಕಳಕೊಂಡೋಳಿಗೆ ಉಪದೇಶ! ಇದು ಕೆರೆಗೇ ಹೋಗೋದು, ಅತ್ತೆ. ದಿನಾ ಅನ್ನ ಹಾಕಿ ಕರೆದೋರು ನೀವೇ ತಾನೆ?"

"ಹಾಕಿದ್ದು ನಾನೇ. ಹಸಿದ ಬಾಯಿ ಸುಮ್ನಿರಲ್ಲ ಅಂತ ಹಾಕ್ದೆ. ಇದನ್ನ ಮುಳುಗಿಸು, ಇದರ ಜಾಗಕ್ಕೆ ಇನ್ನೊಂದು ಬಂದು ಕೂರುತ್ತೆ. ಎಷ್ಟು ಚೀಲ ಇಟ್ಟಿದೀಯ?"

"ಬರೋ ಬೆಕ್ಕಿಗೆಲ್ಲ ಒಂದೊಂದು ಹೊಲೀತೀನಿ. ಹೊಲಿಯೋದೇ ನನ್ನ ಕಸುಬು."

ಅತ್ತೆ ಕೋಳಿ ಗೂಡಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಬಳೆ ಮೇಲಕ್ಕೆ ಸರಿಸಿ, ಜಾಲರಿಯ ಕಣ್ಣೊಳಗೆ ಕೈ ತೂರಿಸಿದಳು. ಕೈ ಸಲೀಸಾಗಿ ಹೋಯಿತು. ಮರುಕ್ಷಣ ಒಂದು ಮರಿ ಅವಳ ಮುಷ್ಟಿಯಲ್ಲಿ ಕಿರುಚುತ್ತಿತ್ತು. ಹೇಂಟೆ ಮೈಯುಬ್ಬಿಸಿ ಬಂದು ಕುಕ್ಕಿತು. ಮುಂಗೈ ಚರ್ಮ ಕಿತ್ತು ಬಂದರೂ ಅತ್ತೆ ಬಿಡಲಿಲ್ಲ.

"ಅಯ್ಯೋ, ಬಿಡಿ! ಸತ್ತೋಗತ್ತೆ!"

"ನನ್ನ ಕೈ ಹೋಗೋ ಕಡೆ ಬೆಕ್ಕಿನ ಪಂಜ ಹೋಗಲ್ವಾ? ಬಾಗಿಲು ಹಾಕ್ಕೊಳ್ಳೋ ಯೋಗ್ಯತೆ ಇಲ್ಲ, ಕಳ್ಳನ್ನ ಮುಳುಗಿಸ್ತಾಳಂತೆ. ನೀನು ಕಾಲು ತೆಗಿ, ನಾನು ಕೈ ತೆಗೀತೀನಿ."

"ನೀವೇನು ಮನುಷ್ಯರಾ?"

"ನಿನ್ನ ಅತ್ತೆ. ತೆಗಿ."

ಸೊಸೆ ಚೀಲದ ಬಾಯನ್ನು ಬೋನಿಗೆ ಹಿಡಿದಳು. ಬೆಕ್ಕು ಒಳಗೆ ನುಗ್ಗಿತು. ಬೋನಿನ ಬಾಗಿಲು ಬಿದ್ದ ಮೇಲೇ ಮರಿ ನೆಲಕ್ಕಿಳಿದದ್ದು.

"ಇನ್ನೊಂದು ಮರಿ ಹೋಗ್ಲಿ, ಆಗ ಚೀಲ ಬಿಚ್ಚಲ್ಲ. ನೀವು ಗೂಡು ತಬ್ಕೊಂಡು ಅತ್ರೂ ಅಷ್ಟೇ."

ಆಪರೇಷನ್ ಆಗಿ ಬೆಕ್ಕು ಮರಳಿತು. ಗುರುತಿಗೆಂದು ಎಡಗಿವಿಯ ತುದಿ ಕತ್ತರಿಸಿದ್ದರು. ಬೋನು ತೆರೆದದ್ದೇ ತಡ, ಗೋಡೆ ಹತ್ತಿ ಗೂಡಿನತ್ತಲೇ ನೋಡುತ್ತ ಕೂತಿತು. ಸೊಸೆ ಒಂದು ಚೊಂಬು ನೀರು ಎರಚಿದಳು. ಅದು ಗೇಣುದ್ದ ಸರಿದು ಮತ್ತೆ ಕೂತಿತು.

ಅವಳು ಸಣ್ಣ ಕಣ್ಣಿನ ಹೊಸ ಜಾಲರಿಯನ್ನು ಗೂಡಿಗೆ ಹೊದಿಸತೊಡಗಿದಳು. ಕರೆಯದಿದ್ದರೂ ಅತ್ತೆ ಬಂದು ಇನ್ನೊಂದು ತುದಿಯನ್ನು ಬಿಗಿಯಾಗಿ ಎಳೆದು ಹಿಡಿದಳು. ಗುಂಡುಪಿನ್ನು ಕಚ್ಚಿಕೊಳ್ಳುವ ರೂಢಿಯಲ್ಲೇ ಸೊಸೆ ಮೊಳೆಗಳನ್ನು ತುಟಿಗಳ ನಡುವೆ ಕಚ್ಚಿದ್ದಳು. ಸುತ್ತಿಗೆ ಅತ್ತೆಯ ಹೆಬ್ಬೆರಳಿನ ಪಕ್ಕದಲ್ಲೇ, ಒಂದೊಂದು ಸಲವೂ ಇನ್ನಷ್ಟು ಹತ್ತಿರ, ಬೀಳುತ್ತಿತ್ತು. ಅತ್ತೆ ಬೆರಳು ಸರಿಸಲಿಲ್ಲ.