ಪೆಯ್ರಬ್ಲಾಂಕ್‌ನಲ್ಲಿ ಹೆಸರು ಹಾಕುವ ದಿನ

ಬೇರೆ ಕಡೆಯ ದ್ರಾಕ್ಷಿತೋಟದವರು ಗೊಂಚಲಿಗೆ ಬೂಷ್ಟು ಹಿಡಿಯಿತೆಂದರೆ ತಲೆಮೇಲೆ ಕೈಹೊತ್ತು ಕೂರುತ್ತಾರೆ. ಸಿಹಿ ವೈನು ಮಾಡುವ ಸೊತೆರ್ನ್ ಸೀಮೆಯವರು ಬೂಷ್ಟು ಹಿಡಿಯಲಿಲ್ಲವೆಂದು ಕೂರುತ್ತಾರೆ. ಸಿರೋನ್ ಹೊಳೆಯ ಮಂಜು ಬೆಳಗ್ಗೆ ತೋಟಕ್ಕೆ ಹತ್ತಬೇಕು, ಮಧ್ಯಾಹ್ನ ಬಿಸಿಲು ಕಾಯಬೇಕು, ಹಣ್ಣು ಬೂಷ್ಟಿನಲ್ಲಿ ಸುಕ್ಕುಗಟ್ಟಿ ಸಕ್ಕರೆಯಾಗಬೇಕು, ಆಮೇಲೆ ಕತ್ತರಿ. ಅಲ್ಲಿಯವರೆಗೆ ಕಾಯುವುದೇ ಕಸುಬು. ಪೆಯ್ರಬ್ಲಾಂಕ್ ತೋಟದ ಮಾಯ್ಲಿಸ್‌ಗೆ ಆ ಕಸುಬು ಚೆನ್ನಾಗಿ ಬರುತ್ತಿತ್ತು. ಅವಳ ಅಪ್ಪ ಎವರಿಸ್ತನಿಗೂ ಒಂದು ಕಾಲಕ್ಕೆ ಬರುತ್ತಿತ್ತು. ವಯಸ್ಸಾದ ಮೇಲೆ ಮಾತ್ರ ಮುದುಕನಿಗೆ ಮೋಡ ಕಂಡರೆ ಎದೆ ಹಾರುತ್ತಿತ್ತು.

ಕಳೆದ ವಸಂತದಲ್ಲಿ ಅವನು ನೆಂಟರಿಷ್ಟರ ಮುಂದೆ ನೆಲಮಾಳಿಗೆಯ ಬೀಗದ ಕೈಯನ್ನು ಮಗಳಿಗೆ ಒಪ್ಪಿಸಿದ್ದ. ಬೀಗದ ಕೈ ಒಪ್ಪಿಸಿದನೇ ಹೊರತು ಯಜಮಾನಿಕೆ ಬಿಡಲಿಲ್ಲ. ಅಕ್ಟೋಬರ್‌ನಲ್ಲಿ ಹಣ್ಣಿಗೆ ಅರ್ಧ ಬೂಷ್ಟು ಹಿಡಿದಿದ್ದಾಗ, ಸಮುದ್ರದ ಕಡೆಯಿಂದ ಮಳೆ ಬರುತ್ತದೆ ಎಂದು ರೇಡಿಯೋದಲ್ಲಿ ಹೇಳಿದರು.

"ದಾಟಿ ಹೋಗತ್ತೆ ಅಪ್ಪ, ಕಾಯೋಣ," ಎಂದು ಹೇಳಿ ಮಾಯ್ಲಿಸ್ ಹೊಸ ಪೀಪಾಯಿ ನೋಡಲು ಕೊನ್ಯಾಕ್ ಕಡೆಗೆ ಹೋದಳು. ಅವಳು ಹಿಂತಿರುಗುವಷ್ಟರಲ್ಲಿ ಎವರಿಸ್ತ್ ಜನ ಕರೆಸಿ, ಗೊಂಚಲೆಲ್ಲ ಕೊಯ್ಯಿಸಿ ತೋಟವನ್ನು ಬೋಳಿಸಿದ್ದ.

"ಮಳೆ ಬಂದಿದ್ರೆ ಏನ್ ಮಾಡ್ತಿದ್ದೆ?" ಎಂದು ಅವಳನ್ನೇ ದಬಾಯಿಸಿದ.

ಮಳೆ ಬರಲೇ ಇಲ್ಲ. ಬಂದದ್ದು ಮಂಜು. ದಿನಾ ಬೆಳಗ್ಗೆ ದಟ್ಟವಾಗಿ ಎದ್ದು ಬೋಳು ಬಳ್ಳಿಗಳ ಮೇಲೆ ಕೂತಿತು. ಮಾಯ್ಲಿಸ್ ತೋಟದ ನಡುವೆ ನಿಂತು ಸಿಟ್ಟಿಗೆ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ಸಿಕ್ಕಿದ ರಸವನ್ನೇ ಪೀಪಾಯಿಗೆ ಹಾಕಿ, ಚಳಿಗಾಲವಿಡೀ ಬಾಣಂತಿಯ ಹಾಗೆ ನೋಡಿಕೊಂಡಳು.

ಫೆಬ್ರವರಿಯಲ್ಲಿ ಹೆಸರು ಹಾಕುವ ದಿನ ಬಂತು.

ಈ ಪದ್ಧತಿ ಮುತ್ತಜ್ಜಿ ಎರ್ನೆಸ್ತೀನ್ ಮಾಡಿಟ್ಟದ್ದು. ಗಂಡ ಸತ್ತ ಮೇಲೆ ಒಬ್ಬಳೇ ತೋಟ ನಡೆಸಿದ ಗಟ್ಟಿಗಿತ್ತಿ ಅವಳು. ಊಟಕ್ಕೆ ಕೂತಲ್ಲಿ ಜಗಳ ಅವಳಿಗೆ ಆಗುತ್ತಿರಲಿಲ್ಲ. ಆದ್ದರಿಂದ ಹೊಸ ವೈನು ಹೇಗಿದೆ ಎಂದು ಬಾಯಿಬಿಟ್ಟು ಯಾರೂ ಹೇಳಕೂಡದು. ಮಾಡಿದವರು ಎಲ್ಲರಿಗೂ ಸುರಿದು ತಾವೂ ಕೂರಬೇಕು. ಊಟ ಮುಗಿದಾಗ ಗ್ಲಾಸುಗಳೆಲ್ಲ ಬರಿದಾಗಿದ್ದರೆ ಬಾಟಲಿಯ ಮೇಲೆ ಪೆಯ್ರಬ್ಲಾಂಕ್ ಹೆಸರು. ಒಂದೇ ಒಂದು ಗ್ಲಾಸಿನಲ್ಲಿ ಉಳಿದರೂ ಆ ವರ್ಷದ್ದೆಲ್ಲ ಹೆಸರಿಲ್ಲದೆ ಸಗಟು ವ್ಯಾಪಾರಿಯ ಪಾಲು. ಬಿಟ್ಟವರನ್ನು ಯಾಕೆಂದು ಕೇಳುವಂತಿಲ್ಲ. ಎರ್ನೆಸ್ತೀನ್ ಕಾಲದಲ್ಲಿ ಎರಡು ಸಲ ಹಾಗಾಗಿತ್ತು. ಎವರಿಸ್ತನ ಕಾಲದಲ್ಲಿ ಒಮ್ಮೆಯೂ ಆಗಿರಲಿಲ್ಲ, ಅದನ್ನು ಅವನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಳ್ಳುತ್ತಿದ್ದ.

ಮೇಜಿಗೆ ನಾಲ್ವರು ಕೂತರು: ಅಪ್ಪ, ಮಗಳು, ಸೋದರತ್ತೆ ಉಗೆತ್, ಮತ್ತು ವೈನು ಮಾರುವ ಕೆಲಸ ನೋಡಿಕೊಳ್ಳುವ ಅವಳ ಮಗ ತಿಬೋ.

"ಲಂಡನ್ನಿನವರು ಆಗ್ಲೇ ಫೋನ್ ಮಾಡಿದ್ರು," ಎಂದ ತಿಬೋ. "ಮಾಯ್ಲಿಸ್ ಮಾಡಿದ್ದು ಹೇಗಿರತ್ತೋ ಅಂತ ಕಾಯ್ತಿದಾರೆ."

"ಬಾಯ್ ಮುಚ್ಕೊಂಡು ಕೋಳಿ ತಿನ್ನೋ. ಊಟದ ಹೊತ್ತಲ್ಲಿ ವ್ಯಾಪಾರ ಬೇಡ," ಎಂದಳು ಉಗೆತ್.

"ವ್ಯಾಪಾರ ಬೇಡ ಅಂದ್ರೆ ಕೋಳಿ ಎಲ್ಲಿಂದ ಬರತ್ತಮ್ಮಾ?"

ಮಾಯ್ಲಿಸ್ ಎಲ್ಲರಿಗೂ ಸುರಿದು ತಾನೂ ಒಂದು ಗುಟುಕು ಕುಡಿದಳು. ಎತ್ತಿ ತೋರಿಸುವಂಥ ತಪ್ಪೇನೂ ಇರಲಿಲ್ಲ. ಸಿಹಿಯಿತ್ತು, ಅಷ್ಟೇ. ಪೆಯ್ರಬ್ಲಾಂಕ್ ವೈನು ನುಂಗಿದ ಮೇಲೂ ಬಾಯಲ್ಲಿ ಕೂತು ಹರಟೆ ಹೊಡೆಯಬೇಕು. ಇದು ನಮಸ್ಕಾರ ಹೇಳಿ ಹೊರಟೇಹೋಯಿತು. ಇದು ಆ ಹೆಸರಿಗೆ ತಕ್ಕದ್ದಲ್ಲ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ.

ಆದರೂ ಇವರೆಲ್ಲ ಬರಿದು ಮಾಡುತ್ತಾರೆಂದು ಅವಳಿಗೆ ಗೊತ್ತಿತ್ತು. ತಿಬೋ ಲಂಡನ್ನಿನವರಿಗಾಗಿ ಗಟಗಟ ಕುಡಿದ. ಉಗೆತ್ ಅಣ್ಣನ ಮಗಳ ಮೇಲಿನ ಮಮತೆಗೆ ಕುಡಿದಳು. ಅಪ್ಪ ನಿಧಾನವಾಗಿ, ಕೊನೆಯ ಹನಿಯವರೆಗೆ ಕುಡಿದು, ಗ್ಲಾಸನ್ನು ಎಲ್ಲರಿಗೂ ಕಾಣುವಂತೆ ಇಟ್ಟ. ಅವನ ಮೇಲೆ ಅವಳಿಗೆ ಸಿಟ್ಟೂ ಬಂತು, ಕರುಳೂ ಚುರುಕ್ಕೆಂದಿತು. ಅವಳು ತನ್ನ ಗ್ಲಾಸನ್ನು ಮುಂದಕ್ಕೆ ಸರಿಸಿ, ರೊಕ್ಫೋರ್ ಚೀಸು ಕತ್ತರಿಸಿಕೊಂಡು ತಿನ್ನತೊಡಗಿದಳು.

"ಮಾಯ್ಲಿಸ್, ನಿಂದು ಹಾಗೇ ಇದೆ, ಮರ್ತ್‌ಬಿಟ್ಯಾ?" ಎಂದ ತಿಬೋ.

"ಮರ್ತಿಲ್ಲ."

ತಿಬೋ ತಾಯಿಯ ಕಡೆ ತಿರುಗಿದ. "ಮಾಡಿದವಳ ಗ್ಲಾಸೂ ಲೆಕ್ಕಕ್ಕೆ ಬರತ್ತಾ?"

"ಗ್ಲಾಸು ಅಂದ್ಮೇಲೆ ಗ್ಲಾಸೇ," ಎಂದಳು ಉಗೆತ್, ತಟ್ಟೆಯಿಂದ ತಲೆ ಎತ್ತದೆ.

ಎವರಿಸ್ತನ ಕಿವಿ ಕೆಂಪಾಯಿತು. ಕೇಳುವಂತಿಲ್ಲ ಎಂಬುದು ಗೊತ್ತಿದ್ದೂ ಬಾಯಿ ತಡೆಯಲಿಲ್ಲ. "ಇದು ನಿನ್ನ ಮೊದಲ್ನೇ ವರ್ಷ ಕಣೇ. ಸೀಮೆಯೆಲ್ಲ ಆಡ್ಕೊಳತ್ತೆ. ನಿನ್ನ ಹೆಸರು ಕೆಡತ್ತೆ."

"ಕೆಟ್ರೆ ಕೆಡ್ಲಿ ಬಿಡು ಅಪ್ಪ. ಬಾಟ್ಲಿ ಮೇಲಿರೋದು ನನ್ನ ಹೆಸರಲ್ಲ."

ಅಕ್ಟೋಬರ್ ಸುದ್ದಿಯನ್ನು ಅವಳು ಎತ್ತಲಿಲ್ಲ. ಎತ್ತುತ್ತಾಳೆಂದು ಅವನು ಕಾದ. ಅದಕ್ಕೆ ತಕ್ಕ ಉತ್ತರವನ್ನೂ ಸಿದ್ಧಮಾಡಿಕೊಂಡಿದ್ದಂತೆ ಕಂಡಿತು. ಅವಳು ಅವನ ತಟ್ಟೆಗೂ ಒಂದು ಚೂರು ಚೀಸು ಹಾಕಿದಳು. ಅವನು ತಾನು ಬರಿದುಮಾಡಿದ ಗ್ಲಾಸನ್ನು ಪಕ್ಕಕ್ಕೆ ಸರಿಸಿ, ಆ ಚೂರನ್ನು ತಿಂದು ಮುಗಿಸಿದ.

ಕೊನೆಗೆ ಮುದುಕ ಗಂಟಲು ಸರಿಮಾಡಿಕೊಂಡ.

"ಸೋಮವಾರ ಬಳ್ಳಿ ಸವರೋಕೆ ಜನ ಬರ್ತಾರೆ," ಎಂದ. ಆಮೇಲೆ, ಮಗಳ ಮುಖ ನೋಡದೆ, "ಯಾವ ಕಡೆಯಿಂದ ಶುರು ಮಾಡ್ಸಲಿ, ಹೇಳು."

"ಹೊಳೆ ಕಡೆಯಿಂದ," ಎಂದಳು ಮಾಯ್ಲಿಸ್.

"ಆಗ್ಲಿ," ಎಂದ ಎವರಿಸ್ತ್.